ಬಾಲವಾಡಿಯ ಮೇಲೆ ನಾನು ಬರೆದ ಆಕ್ಷೇಪಣೆ

ಹೋದ ತಿಂಗಳು ಚಿಕ್ಕಪ್ಪನ ಮಗಳ ಮದುವೆ ಪತ್ರಿಕೆ ಕೊಡಲು ಬೈಯಪ್ಪನಹಳ್ಳಿಗೆ ಹೋಗಿದ್ದೆ. ಮೆಟ್ರೋ ಇಳಿದು, ಬಾಡಿಗೆ ರೂಮುಗಳ ಸಾಲಿನ ನಡುವೆ ನೆಂಟರ ಮನೆ ಹುಡುಕುತ್ತಾ ಹೋಗುವಾಗ ಯಾವುದೋ ಬಾಗಿಲಿನಿಂದ ರಾಗಿ ಹುರಿಯುವ ವಾಸನೆ ಬಂತು. ಬರೀ ರಾಗಿಯದಲ್ಲ, ಮೊಳಕೆ ಕಟ್ಟಿ ಒಣಗಿಸಿದ ರಾಗಿಯದು. ಎಳೆಮಕ್ಕಳಿಗೆ ಕುಡಿಸುವ ರಾಗಿ ಸರಿಗೆ ಹುರಿಯುವುದು ಅದನ್ನೇ. ನಾನು ದೊಮ್ಮಲೂರಿನವಳು. ಈಗ ರಿಂಗ್ ರೋಡು ಹಾದಿರುವ ಕಡೆ ನಮ್ಮ ತಾತ ರಾಗಿ ಬೆಳೆಯುತ್ತಿದ್ದರು. ಆ ವಾಸನೆಗೆ ನನಗೆ ಅಜ್ಜಿಯ ನೆನಪಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ಮೂರು ವರ್ಷದ ಹಿಂದಿನ ಒಂದು ಮಳೆಗಾಲ, ಒಂದು ಹಾಳೆ, ಅದರ ಕೆಳಗಿನ ನನ್ನ ಸಹಿ, ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಸಿಟ್ಟು ಹಳೆಯದಾದರೆ ತಣ್ಣಗಾಗುತ್ತದೆ ಎನ್ನುತ್ತಾರೆ. ನನ್ನದು ಇನ್ನೂ ಆಗಿಲ್ಲ.

ನಾನು ಸರ್ಕಾರದ ಲೆಕ್ಕಪರಿಶೋಧನೆಯಲ್ಲಿ ಕೆಲಸ ಮಾಡುವವಳು. ಹಾಗೆಂದ ಕೂಡಲೇ ಜನ ನಾನು ದಿನವಿಡೀ ಕೂಡಿ ಕಳೆಯುತ್ತೇನೆ ಎಂದುಕೊಳ್ಳುತ್ತಾರೆ. ನಮಗೆ ಇನ್ನೊಂದು ಕೆಲಸವೂ ಇದೆ. ದೆಹಲಿಯಲ್ಲಿ ಕೂತವರು ಒಂದು ಯೋಜನೆ ಮಾಡಿ, ಅದಕ್ಕೆ ಇಂತಿಂಥ ನಿಯಮ ಎಂದು ಬರೆದು ಕಳಿಸಿರುತ್ತಾರೆ. ಅದು ಇಲ್ಲಿಯ ಓಣಿಯಲ್ಲಿ ಹಾಗೇ ನಡೆಯುತ್ತಿದೆಯೇ ಎಂದು ನಾವು ಹೋಗಿ ನೋಡಬೇಕು. ನಡೆಯದಿದ್ದರೆ ಬರೆಯಬೇಕು. ಬರೆಯುವುದಕ್ಕೂ ನಮ್ಮಲ್ಲಿ ಒಂದು ಪದ್ಧತಿಯಿದೆ. ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಎಡಗಡೆ ನಾವು ಆಕ್ಷೇಪಣೆ ಬರೆಯುತ್ತೇವೆ. ಬಲಗಡೆಯ ಅರ್ಧ ಖಾಲಿ. ಅದು ಇಲಾಖೆಯವರ ಉತ್ತರಕ್ಕೆ. ಉತ್ತರ ಸಮಾಧಾನ ತಂದರೆ ಆಕ್ಷೇಪಣೆ ಮುಗಿಯಿತು, ನಮ್ಮ ಭಾಷೆಯಲ್ಲಿ ಸೆಟಲ್. ಈ ಪದ್ಧತಿಯನ್ನು ನಾನು ಇಪ್ಪತ್ತು ವರ್ಷ ದೇವರಂತೆ ನಂಬಿದ್ದೆ. ಇಲ್ಲ ಎಂದು ಎಡಗಡೆ ಬರೆದದ್ದು ಒಂದಲ್ಲ ಒಂದು ದಿನ ಇದೆ ಎಂದಾಗುತ್ತದೆ ಎಂದೇ ತಿಳಿದಿದ್ದೆ. ಇಂಥ ದಡ್ಡತನ ಆಡಿಟಿನವರಿಗೆ ಮಾತ್ರ ಬರುತ್ತದೆ.

ಆ ಮಳೆಗಾಲ ನಮ್ಮ ತಂಡಕ್ಕೆ ಬಂದದ್ದು ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರಗಳು. ಜನ ಅವನ್ನು ಈಗಲೂ ಬಾಲವಾಡಿ ಎನ್ನುತ್ತಾರೆ. ಯೋಜನೆ ಕೇಂದ್ರ ಸರ್ಕಾರದ್ದು, ನಡೆಸುವವರು ಇಲ್ಲಿಯ ಸಣ್ಣಪುಟ್ಟ ಸಂಸ್ಥೆಗಳು. ತಂಡದ ಮುಖ್ಯಸ್ಥರು ಶ್ರೀಧರಮೂರ್ತಿ ಸಾರ್, ನಿವೃತ್ತಿಗೆ ಒಂದು ವರ್ಷವಿದ್ದ ಸಾಧು ಮನುಷ್ಯ. ಇಲಾಖೆಯ ಕಡೆಯಿಂದ ಜೊತೆಗೆ ಬರುತ್ತಿದ್ದವರು ಗಂಗಾಧರ್ ಎಂಬ ಯೋಜನಾಧಿಕಾರಿ. ನಾವು ಕಂಡದ್ದನ್ನು ಸ್ಥಳದಲ್ಲೇ ಬರೆದು, ಅದಕ್ಕೆ ಅವರೂ ಸಹಿ ಹಾಕಬೇಕು. ಹಾಕಿದರೆ ಅದು ಸಾಕ್ಷಿ, ಹಾಕದಿದ್ದರೆ ಬರೀ ನನ್ನ ಕೈಬರಹ. ಅಷ್ಟು ಸಾಲದೆಂಬಂತೆ ನಾವು ಬರುವ ದಿನವನ್ನು ಒಂದು ವಾರ ಮೊದಲೇ ಪತ್ರ ಬರೆದು ತಿಳಿಸಬೇಕು. ಕಳ್ಳನಿಗೆ ಹೇಳಿ ಕಾವಲಿಗೆ ಹೋಗುವ ಇಲಾಖೆ ನಮ್ಮದು.

ಮೊದಲು ಹೋದದ್ದು ಹೊರಮಾವಿಗೆ. ಅಪಾರ್ಟ್‌ಮೆಂಟುಗಳ ಹಿಂದಿನ ಬೀದಿಯಲ್ಲಿ ಹೊಸದಾಗಿ ಸುಣ್ಣ ಬಳಿದ ಕಟ್ಟಡ. ಗೋಡೆಯ ಮೇಲೆ ಬಾತುಕೋಳಿ, ಮೊಲ, ಕಾಮನಬಿಲ್ಲು. ಆಟಿಕೆಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ. ಮಕ್ಕಳು ಮಾತ್ರ ಒಬ್ಬರೂ ಇಲ್ಲ.

"ಇವತ್ತು ಎಲ್ರೂ ಲಸಿಕೆಗೆ ಹೋಗಿದಾರೆ ಮೇಡಂ. ಬ್ಯಾಡ್ ಟೈಮಿಂಗು," ಎಂದರು ಗಂಗಾಧರ್.

ಹಾಜರಿ ಪುಸ್ತಕ ತೆಗೆಸಿದೆ. ಇಪ್ಪತ್ತೈದು ಮಕ್ಕಳು, ಒಂದೇ ಕೈಬರಹ, ಒಂದೇ ನೀಲಿ ಶಾಯಿ. ಹಿಂದಿನ ತಿಂಗಳು ಆ ಬೀದಿಯಲ್ಲಿ ಮೂರು ದಿನ ಮೊಣಕಾಲುದ್ದ ನೀರು ನಿಂತಿತ್ತು. ಬೈಕುಗಳು ತೇಲಿದ್ದವು. ಆ ಮೂರು ದಿನವೂ ಇಪ್ಪತ್ತೈದು ಮಕ್ಕಳು ತಪ್ಪದೆ ಹಾಜರು. ಶೌಚಾಲಯದ ಸೋಪು ಹೊದಿಕೆಯಿಂದ ಬಿಚ್ಚಿಟ್ಟ ಹಾಗೇ ಇತ್ತು, ಅದರ ಮೇಲೆ ಕಂಪನಿಯ ಅಕ್ಷರವೂ ಮಾಸಿರಲಿಲ್ಲ. ಮಕ್ಕಳಿದ್ದ ಮನೆಯಲ್ಲಿ ಸೋಪು ಹಾಗಿರುತ್ತದೆಯೇ? ಇದನ್ನೆಲ್ಲ ಬರೆದು ಸಹಿಗೆ ಕೊಟ್ಟರೆ ಗಂಗಾಧರ್ ಪೆನ್ನೇ ಮುಟ್ಟಲಿಲ್ಲ.

"ಒಂದಿನ ಮಕ್ಳಿಲ್ಲ ಅಂದ್ರೆ ಸೆಂಟರೇ ನಡೀತಿಲ್ಲ ಅಂತಾನಾ? ರಿಜಿಸ್ಟರ್ ಪರ್ಫೆಕ್ಟಾಗಿದೆ, ನೋಡಿ ಮೇಡಂ."

ಶ್ರೀಧರಮೂರ್ತಿ ಸಾರ್ ನನ್ನನ್ನು ಪಕ್ಕಕ್ಕೆ ಕರೆದರು. "ದಾಖಲೆ ಇದೆಯಲ್ಲ ರೇಣುಕಾ. ಸೋಪು ನೋಡಿ ಆಕ್ಷೇಪಣೆ ಬರೆಯೋಕಾಗುತ್ತಾ? ಬಿಡಿ."

ಬಿಟ್ಟೆ. ಕೆ.ಆರ್. ಪುರದಲ್ಲಿ ಮಕ್ಕಳಿದ್ದರು. ಎಲ್ಲರೂ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಕೈಕಟ್ಟಿ ಸಾಲಾಗಿ ಕೂತಿದ್ದರು. ಕೇಂದ್ರವಿರುವುದು ಆರು ವರ್ಷದೊಳಗಿನ ಮಕ್ಕಳಿಗೆ. ಮುಂದಿನ ಸಾಲಿನ ಹುಡುಗಿಯ ಹಾಲುಹಲ್ಲು ಬಿದ್ದು, ಹೊಸ ಹಲ್ಲೂ ಪೂರ್ತಿ ಬಂದಿತ್ತು. "ಏನ್ ಪುಟ್ಟಾ, ಎಷ್ಟನೇ ಕ್ಲಾಸು?" ಎಂದು ಸುಮ್ಮನೆ ಕೇಳಿದೆ.

"ಥರ್ಡ್ ಸ್ಟ್ಯಾಂಡರ್ಡ್ ಮಿಸ್. ಬಿ ಸೆಕ್ಷನ್," ಎಂದಳು, ಎದ್ದು ನಿಂತು.

ಗಂಗಾಧರ್ ನಗಲೂ ಇಲ್ಲ, ನಾಚಲೂ ಇಲ್ಲ. "ನಮ್ಮ ಫುಡ್ ಅಷ್ಟು ಚೆನ್ನಾಗಿದೆ ಮೇಡಂ. ಮಕ್ಳು ವಯಸ್ಸಿಗೆ ಮೀರಿ ಬೆಳೆದ್ಬಿಡ್ತವೆ," ಎಂದರು. ಎಮ್ಮೆಯ ಮೇಲೆ ಮಳೆ ಸುರಿದರೂ ಅದು ಒಮ್ಮೆ ಕಿವಿ ಒದರುತ್ತದೆ. ಈ ಮನುಷ್ಯ ಅದನ್ನೂ ಮಾಡಲಿಲ್ಲ. ಅಲ್ಲಿಯೂ ಹಾಜರಿ ಪುಸ್ತಕ, ವಯಸ್ಸಿನ ದಾಖಲೆ, ತೂಕದ ಪಟ್ಟಿ ಎಲ್ಲ ಸರಿಯಾಗಿದ್ದವು. ಅಲ್ಲಿಯೂ ಸಹಿ ಸಿಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಾನು ಎದುರಿಗೇ ನಿಂತು ನೋಡುತ್ತಿದ್ದೆ. ಬೇಲಿಯ ಕಾಗದಪತ್ರ ಸರಿಯಾಗಿದೆ ಎಂದು ಬರೆದುಕೊಂಡು ಬಂದೆ.

ಮೂರನೆಯದು ಬೈಯಪ್ಪನಹಳ್ಳಿ. ಪಟ್ಟಿಯಲ್ಲಿದ್ದ ವಿಳಾಸಕ್ಕೆ ಹೋದರೆ ಅಲ್ಲೊಂದು ಟೈಲರ್ ಅಂಗಡಿ. "ಸಿಕ್ಕಿಬಿದ್ದರು" ಎಂದುಕೊಂಡೆ. ಅಷ್ಟರಲ್ಲಿ ಟೈಲರ್ ತಲೆ ಎತ್ತಿ, "ಬಾಲವಾಡಿನಾ? ಹಿಂದಿನ್ ಗಲ್ಲಿ, ಮುನಿಲಕ್ಷ್ಮಮ್ಮನ್ ಮನೆ. ರಾಗಿ ವಾಸ್ನೆ ಹಿಡ್ಕೊಂಡ್ ಹೋಗಿ," ಎಂದ.

ಮೆಟ್ರೋ ಬಂದ ಮೇಲೆ ಮೊದಲಿನ ಕಟ್ಟಡದ ಮಾಲೀಕ ಬಾಲವಾಡಿಯನ್ನು ಎಬ್ಬಿಸಿದ್ದ. ಮುನಿಲಕ್ಷ್ಮಮ್ಮ ಮಕ್ಕಳನ್ನು ತಮ್ಮ ಮನೆಯ ಮುಂದಿನ ಕೋಣೆಗೆ ಕರೆತಂದಿದ್ದರು. ತಗಡಿನ ಸೂರು, ಮೂಲೆಯಲ್ಲಿ ಸೋರುವ ಕಡೆ ಬಕೆಟ್ಟು, ಗೋಡೆಯ ಮೇಲೆ ಬುದ್ಧನ ಪುಟ್ಟ ಪಟ, ತೊಲೆಗೆ ಕಟ್ಟಿದ ಮೂರು ಸೀರೆಯ ತೊಟ್ಟಿಲು. ನೆಲದ ತುಂಬ ಮಕ್ಕಳು. ಎಣಿಸಿದೆ, ಹದಿನೇಳು. ಒಂದು ಅಳುತ್ತಿತ್ತು, ಎರಡು ಜಗಳವಾಡುತ್ತಿದ್ದವು, ಒಂದು ಬಕೆಟ್ಟಿನ ನೀರಿಗೆ ಕೈ ಹಾಕಲು ಹೊಂಚುತ್ತಿತ್ತು. ಐವತ್ತೈದರ ಆಸುಪಾಸಿನ ಆ ಹೆಂಗಸು ಒಂದು ಕೂಸನ್ನು ಸೊಂಟದ ಮೇಲಿಟ್ಟುಕೊಂಡೇ ಒಲೆಯ ಮೇಲೆ ಸರಿ ತಿರುವುತ್ತಿದ್ದರು.

ಹಾಜರಿ ಪುಸ್ತಕ ಕೇಳಿದೆ. ಮೂರು ವಾರದಿಂದ ಬರೆದಿರಲಿಲ್ಲ.

"ಬರೀತಾ ಕೂತ್ರೆ ಇವ್ರನ್ ಯಾರ್ ನೋಡ್ಕೊಳ್ತಾರೆ ಮೇಡಂ? ಆಯಾ ಬಿಟ್ಟೋಗಿ ಆರ್ ತಿಂಗ್ಳಾಯ್ತು. ಯಾರ್ ಬಂದಿದಾರೆ ಅಂತ ನನ್ ಕೇಳಿ, ಹೇಳ್ತೀನಿ," ಎಂದು ಬಾಗಿಲ ಕಡೆಯಿಂದ ಶುರುಮಾಡಿ ಹದಿನೇಳೂ ಮಕ್ಕಳ ಹೆಸರು, ತಾಯಿಯ ಹೆಸರು, ತಾಯಿ ದುಡಿಯುವ ಜಾಗ ಎಲ್ಲ ಹೇಳಿದರು. ಇಂದಿರಾನಗರದ ಮನೆಗೆಲಸ, ಮೆಟ್ರೋ ಡಿಪೋ ಹತ್ತಿರದ ಕಟ್ಟಡದ ಕೆಲಸ, ಹಲಸೂರಿನ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಒಂದು ಕಡೆಯೂ ತಡವರಿಸಲಿಲ್ಲ.

ನಾನು ನೆಲದ ಮೇಲೆ ಕೂತೆ. ಎರಡು ವರ್ಷದ ಕಾವ್ಯಾ ಎಂಬ ಮಗು ಬಂದು ನನ್ನ ಫೈಲಿನ ಮೇಲೆ ತಲೆಯಿಟ್ಟು ಮಲಗಿತು. ಅದರ ತಾಯಿ ಸೆಲ್ವಿ ಇಂದಿರಾನಗರದಲ್ಲಿ ನಾಲ್ಕು ಮನೆ ಕೆಲಸ ಮಾಡುವವಳು. ಅಕ್ಕ ಪ್ರಿಯಾ ಎಂಟು ವರ್ಷದವಳು, ಶಾಲೆಗೆ ಹೋಗಿದ್ದಳು. ಆ ಮಗು ಏಳಲಿ ಎಂದು ಕಾಯುತ್ತಾ ಕೂತಾಗ ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ನೋಡಿದ ಮೂರರಲ್ಲಿ ನಿಜವಾಗಿ ಇರುವ ಬಾಲವಾಡಿ ಇದೊಂದೇ. ಇದಕ್ಕೆ ಸಿಗಬೇಕಾದದ್ದು ಸಿಗುವ ಹಾಗೆ ಬರೆಯಬೇಕು.

"ಅಮ್ಮಾ, ಏನೇನಿಲ್ಲ ಎಲ್ಲಾ ಹೇಳಿ. ಮುಚ್ಚಿಡಬೇಡಿ. ನಾನು ಬರ್ಕೊಂಡ್ರೆ ಅವ್ರು ಉತ್ತರ ಕೊಡ್ಲೇಬೇಕು, ಸರಿಮಾಡ್ಲೇಬೇಕು," ಎಂದೆ.

ಅವರು ಒಮ್ಮೆ ನನ್ನ ಮುಖ, ಒಮ್ಮೆ ಗಂಗಾಧರ್ ಮುಖ ನೋಡಿದರು. "ಬರ್ದ್ರೆ ತೊಂದ್ರೆ ಏನೂ ಆಗಲ್ವಾ?"

"ನಾನಿದ್ದೀನಲ್ಲಮ್ಮ," ಎಂದೆ. ಹೌದು, ಈ ಬಾಯಿಂದಲೇ ಅಂದೆ.

ಹೇಳಿದರು. ನಾಲ್ಕು ತಿಂಗಳಿಂದ ದವಸ ಬಂದಿಲ್ಲ, ರಾಗಿ ತಾಯಂದಿರೇ ಸೇರು ಸೇರು ತಂದುಕೊಡುತ್ತಾರೆ. ತೂಕದ ಯಂತ್ರ ಕೆಟ್ಟಿದೆ. ಸೂರು ಸೋರುತ್ತದೆ. ಬೆಂಕಿ ಆರಿಸುವ ಸಿಲಿಂಡರಿಲ್ಲ. ಕಟ್ಟಡಕ್ಕೆ ಮಂಜೂರಾತಿಯಿಲ್ಲ. ಎಲ್ಲವನ್ನೂ ದುಂಡು ಅಕ್ಷರದಲ್ಲಿ ಬರೆದೆ. ಮುನಿಲಕ್ಷ್ಮಮ್ಮ ಕೈ ಒರೆಸಿಕೊಂಡು ಸಹಿ ಹಾಕಿದರು. ಗಂಗಾಧರ್ ಕಡೆ ಹಾಳೆ ಚಾಚಿದೆ. ಎರಡು ಕಡೆ ಪೆನ್ನು ಮುಟ್ಟದ ಆ ಮನುಷ್ಯ ನಿಂತಲ್ಲೇ ಸಹಿ ಮಾಡಿ, ಕೆಳಗೆ ಮೊಹರನ್ನೂ ಒತ್ತಿ ಕೊಟ್ಟರು. ಆಗಲೇ ನನಗೆ ತಿಳಿಯಬೇಕಿತ್ತು. ಬದಲಿಗೆ ಖುಷಿಪಟ್ಟೆ. ಹೊರಡುವಾಗ ಮುನಿಲಕ್ಷ್ಮಮ್ಮ ಒಂದು ಲೋಟ ಸರಿ ಕೊಟ್ಟರು. ಬೆಲ್ಲ ಕಡಿಮೆಯಿತ್ತು, ಹುರಿದ ಹದ ಚೆನ್ನಾಗಿತ್ತು. ಕುಡಿದು ಬಂದೆ.

ಶಿವಾಜಿನಗರದ ಕಡೆಯ ಇಲಾಖಾ ಕಚೇರಿಯಲ್ಲಿ ಕೊನೆಯ ಸಭೆ ನಡೆದ ದಿನ ಜೋರು ಮಳೆ. ಹೊರಮಾವು, ಕೆ.ಆರ್. ಪುರಗಳ ಬಗ್ಗೆ ಚರ್ಚೆಯೇ ಇಲ್ಲ, ಸಾಕ್ಷಿಯಿಲ್ಲದ್ದಕ್ಕೆ ಚರ್ಚೆ ಎಲ್ಲಿಯದು? ಬೈಯಪ್ಪನಹಳ್ಳಿಯ ಆಕ್ಷೇಪಣೆ ಮಾತ್ರ ಮೇಜಿನ ಮೇಲೆ ಬಂತು. ನಾನು ಉತ್ಸಾಹದಿಂದ ಎಲ್ಲ ಓದಿದೆ. ಇಲಾಖೆಯ ಮೇಲಧಿಕಾರಿ ಗಂಭೀರವಾಗಿ ತಲೆಯಾಡಿಸಿ, "ವೆರಿ ಸೀರಿಯಸ್. ಒಂದು ತಿಂಗಳಲ್ಲಿ ನಿಯಮಗಳ ಸಂಪೂರ್ಣ ಪಾಲನೆ ಮಾಡ್ತೀವಿ," ಎಂದರು. ಬಸ್ಸಿನಲ್ಲಿ ಮನೆಗೆ ಹೋಗುವಾಗ ತೂಕದ ಯಂತ್ರ ಯಾವ ಬಣ್ಣದ್ದು ಬರಬಹುದು ಎಂದೆಲ್ಲ ಯೋಚಿಸಿದ್ದೆ. ನಗಬೇಡಿ.

ಉತ್ತರ ಇಪ್ಪತ್ತೇ ದಿನಕ್ಕೆ ಬಂತು. ನಮ್ಮ ಕಚೇರಿಯ ಚರಿತ್ರೆಯಲ್ಲೇ ಅಷ್ಟು ಬೇಗ ಯಾರೂ ಉತ್ತರ ಕೊಟ್ಟಿರಲಿಕ್ಕಿಲ್ಲ. ಎಡಗಡೆ ನನ್ನ ದುಂಡು ಅಕ್ಷರ, ಹನ್ನೊಂದು ಕೊರತೆ. ಬಲಗಡೆ ಮೂರು ಸಾಲು: ಪರಿಶೋಧನೆಯವರು ತೋರಿಸಿದ ನ್ಯೂನತೆಗಳನ್ನು ಗಂಭೀರವಾಗಿ ಪರಿಗಣಿಸಿ ಸದರಿ ಕೇಂದ್ರವನ್ನು ಮುಚ್ಚಲಾಗಿದೆ. ಕಾರ್ಯಕರ್ತೆಯನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಆದ್ದರಿಂದ ಆಕ್ಷೇಪಣೆಯನ್ನು ಕೈಬಿಡಲು ಕೋರಿದೆ.

ನೆಗಡಿ ಬಂತೆಂದು ಮೂಗು ಕೊಯ್ದರು. ಅದೂ ತಮ್ಮ ಮೂಗನ್ನಲ್ಲ.

ಹಾಳೆ ಹಿಡಿದುಕೊಂಡು ಶ್ರೀಧರಮೂರ್ತಿ ಸಾರ್ ಹತ್ತಿರ ಓಡಿದೆ. ಅವರು ಕನ್ನಡಕ ಏರಿಸಿ ಓದಿ, "ನೂರಕ್ಕೆ ನೂರು ಪಾಲನೆ! ಒಳ್ಳೇದಾಯ್ತಲ್ಲ," ಎಂದರು.

"ಏನ್ ಒಳ್ಳೇದು ಸಾರ್? ಹದಿನೇಳು ಮಕ್ಕಳಿದ್ವು ಅಲ್ಲಿ. ನಿಜವಾದ ಮಕ್ಕಳು!"

"ನಿಯಮದ ಪ್ರಕಾರ ಇರಲಿಲ್ಲ ಅಂತ ನೀವೇ ಬರೆದಿದ್ದೀರಿ. ಈಗ ನಿಯಮ ಮೀರಿದ ಕೇಂದ್ರವೇ ಇಲ್ಲ. ಆಕ್ಷೇಪಣೆ ಯಾವುದರ ಮೇಲೆ ನಿಲ್ಲುತ್ತೆ, ನೀವೇ ಹೇಳಿ."

"ಹೊರಮಾವಿನಲ್ಲಿ ಗೋಡೆ ಮೇಲಿನ ಬಾತುಕೋಳಿ ಬಿಟ್ರೆ ಒಂದು ಜೀವ ಇಲ್ಲ. ಅದು ನಡೀತಿದೆ. ಇದು ಮುಚ್ಚಿದೆ. ಇದಕ್ಕೆ ನಾವು ಸೆಟಲ್ ಅಂತ ಬರೀಬೇಕಾ?"

ಅವರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ರೇಣುಕಾ, ನಾನು ಕೆಟ್ಟವನಲ್ಲಮ್ಮ," ಎಂದರು. ಆಮೇಲೆ ಹಸಿರು ಶಾಯಿಯಲ್ಲಿ ಸೆಟಲ್ ಎಂದು ಬರೆದು ಸಹಿ ಹಾಕಿದರು. ಕೆಟ್ಟವರಲ್ಲ, ನನಗೆ ಗೊತ್ತು. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು. ಕೆಟ್ಟವರ ಕೈಯಲ್ಲಿ ಹಸಿರು ಪೆನ್ನಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆ ವರ್ಷದ ವರದಿಯಲ್ಲಿ ನನ್ನ ಆಕ್ಷೇಪಣೆಯನ್ನು ತ್ವರಿತ ಪಾಲನೆಗೆ ಮಾದರಿ ಎಂದು ಹೊಗಳಿದರು. ಆ ಪುಟವನ್ನು ಯಾರೋ ಜೆರಾಕ್ಸ್ ಮಾಡಿ ನನ್ನ ಮೇಜಿನ ಮೇಲಿಟ್ಟಿದ್ದರು. ಹರಿದು ಬುಟ್ಟಿಗೆ ಹಾಕಿದೆ.

ಮುಂದಿನ ಶನಿವಾರ ಬೈಯಪ್ಪನಹಳ್ಳಿಗೆ ಹೋದೆ. ಮುನಿಲಕ್ಷ್ಮಮ್ಮನ ಬಾಗಿಲಿಗೆ ಬೀಗ, ಬೋರ್ಡು ಇದ್ದ ಕಡೆ ಎರಡು ಮೊಳೆಯ ತೂತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಅವಳೇ ಸೆಲ್ವಿ, ಕಾವ್ಯಾಳ ತಾಯಿ ಎಂದು ಮಾತಿನಲ್ಲಿ ತಿಳಿಯಿತು; ಆ ಬೀಗ ನೋಡುತ್ತಾ ನಿಂತವಳು ಯಾರೆಂದು ಅವಳೂ ಊಹಿಸಿದ್ದಳು.

"ನೀವ್ ತಾನೇ ಅಕ್ಕಾ ಅವತ್ತು ಬಂದು ಬರ್ಕೊಂಡ್ ಹೋಗಿದ್ದು?" ಎಂದಳು. ಅವಳ ಕನ್ನಡದಲ್ಲಿ ತಮಿಳಿನ ಎಳೆತವಿತ್ತು, ದನಿಯಲ್ಲಿ ಜಗಳವಿರಲಿಲ್ಲ.

"ಹೌದು."

"ಅದಾದ್ಮೇಲೇ ಮುಚ್ಚಿದ್ದು. ಜೀಪಲ್ಲಿ ಬಂದು ತೊಟ್ಟಿಲೆಲ್ಲಾ ಬಿಚ್ಚಾಕಿ, ಬೋರ್ಡ್ ಎತ್ಕೊಂಡೋದ್ರು. ಏನ್ ತಪ್ಪಾಯ್ತು ಅಕ್ಕಾ? ನಾವ್ ರಾಗಿ ಕೊಟ್ಟಿದ್ ತಪ್ಪಾ?"

ರಾಗಿ ತಾಯಂದಿರಿಂದ ಪಡೆದದ್ದು ನನ್ನ ಪಟ್ಟಿಯಲ್ಲಿ ನಾಲ್ಕನೆಯ ಕೊರತೆ. "ಮಗು ಎಲ್ಲಿ ಈಗ?" ಎಂದು ಕೇಳಿದೆ.

ಅವಳು ಎದುರಿನ ರೂಮು ತೋರಿಸಿದಳು. ಕಿಟಕಿಯ ಸರಳಿನ ಹಿಂದೆ ಪ್ರಿಯಾ ನಿಂತಿದ್ದಳು, ಸೊಂಟದ ಮೇಲೆ ಕಾವ್ಯಾ. ಮುನಿಲಕ್ಷ್ಮಮ್ಮ ಕೂಸನ್ನು ಹಿಡಿದುಕೊಳ್ಳುತ್ತಿದ್ದ ಹಾಗೇ ಹಿಡಿದಿದ್ದಳು. ಸೆಲ್ವಿ ನಲ್ಲಿಗೆ ಬಂದಾಗಲೂ ಬಾಗಿಲಿಗೆ ಹೊರಗಿನಿಂದ ಬೀಗ. "ನಾಲ್ಕ್ ಮನೆ ಬಿಟ್ರೆ ಊಟಕ್ಕೇನ್ ಮಾಡೋದು? ಇವಳನ್ನ ಸ್ಕೂಲ್ ಬಿಡಿಸ್ದೆ. ಮುಂದಿನ್ ವರ್ಷ ಕಳಿಸ್ತೀನಿ," ಎಂದಳು ಸೆಲ್ವಿ, ನನಗೇ ಸಮಾಧಾನ ಹೇಳುವವಳಂತೆ. ಎಂಟು ವರ್ಷದ ಆ ಹುಡುಗಿ ನನ್ನನ್ನು ನೋಡುತ್ತಲೇ ಇದ್ದಳು. ನನಗೆ ಮೊದಲು ಕಂಡದ್ದು ಅವಳ ಮೈಮೇಲಿನ ಯೂನಿಫಾರಂ. ಮನೆಯಲ್ಲಿ ಹಾಕಲು ಬೇರೆ ಬಟ್ಟೆ ಇರಲಿಲ್ಲವೋ ಏನೋ.

ಸೋಮವಾರ ಕಚೇರಿಗೆ ಹೋಗಿ ಆಕ್ಷೇಪಣೆಯನ್ನು ಮತ್ತೆ ತೆರೆಯಿರಿ ಎಂದು ಎರಡು ಪುಟ ಬರೆದೆ. ಸೆಟಲ್ ಆದದ್ದನ್ನು ತೆರೆಯಲು ಅವಕಾಶವಿಲ್ಲ ಎಂದು ಬಂತು. ಬೇರೆ ಮಾತಿನಲ್ಲಿ ಮತ್ತೆ ಬರೆದೆ. ಗಮನಿಸಲಾಗಿದೆ ಎಂದು ಬಂತು. ಬೀಗ ಹಾಕಿದ ಬಾಗಿಲಿನ ಬಗ್ಗೆ, ಶಾಲೆ ಬಿಟ್ಟ ಹುಡುಗಿಯ ಬಗ್ಗೆ ಬರೆದರೆ, ಅದು ಪರಿಶೋಧನೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಬಂತು. ಹಾಗಾದರೆ ಯಾವನ ವ್ಯಾಪ್ತಿಗೆ ಬರುತ್ತದೆ? ಮುನಿಲಕ್ಷ್ಮಮ್ಮನ ಬೆಂಕಿ ಸಿಲಿಂಡರು ವ್ಯಾಪ್ತಿಗೆ ಬರುತ್ತದೆ, ಅವರ ಸೊಂಟದ ಮೇಲಿನ ಕೂಸು ಬರುವುದಿಲ್ಲ. ಗಂಗಾಧರ್ ಮೇಲೆ ನನಗೆ ಸಿಟ್ಟಿದೆ, ಅದು ಸುಲಭದ ಸಿಟ್ಟು. ನನ್ನ ಮೇಲಿರುವುದು ಬೇರೆ ಥರದ್ದು. ಅವನು ಬಲಗಡೆ ಬರೆದದ್ದಕ್ಕೆಲ್ಲ ಆಧಾರ ನಾನು ಎಡಗಡೆ ಬರೆದದ್ದೇ. ಒಂದಕ್ಷರ ಸುಳ್ಳಿರಲಿಲ್ಲ ಅದರಲ್ಲಿ. ಸುಳ್ಳು ಬರೆದಿದ್ದರೆ ಆ ಬಾಲವಾಡಿ ಉಳಿಯುತ್ತಿತ್ತು.

ಹೋದ ತಿಂಗಳು ಆ ವಾಸನೆ ಬಂದಾಗ ನನ್ನ ಕಾಲು ತಾನಾಗಿ ಹಿಂದಿನ ಗಲ್ಲಿಗೆ ತಿರುಗಿತು. ಮೊಳೆಯ ತೂತುಗಳು ಹಾಗೇ ಇದ್ದವು. ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ತೊಟ್ಟಿಲ ಹಗ್ಗ ತೊಲೆಗೆ ಉಜ್ಜುವ ಸದ್ದು, ಒಂದು ಮಗುವಿನ ರಾಗ, ಇನ್ನೊಂದರ ನಗು. ಹೊಸಿಲ ಬಳಿ ಗೇಣುದ್ದವೂ ಇಲ್ಲದ ಚಪ್ಪಲಿಗಳ ರಾಶಿ. ನನಗೆ ಕಣ್ಣು ತುಂಬಿ ಬಂತು. ಬಾಗಿಲು ತಟ್ಟಿದೆ.

ಮುನಿಲಕ್ಷ್ಮಮ್ಮ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ್ದೇ ಹೊರಗೆ ಬಂದು, ಹಿಂದಿನಿಂದ ಬಾಗಿಲು ಎಳೆದುಕೊಂಡು ಅಡ್ಡ ನಿಂತರು.

"ಗುರುತು ಸಿಕ್ತಾ ಅಮ್ಮಾ?" ಎಂದೆ.

"ಸಿಗ್ದೆ ಏನು ಮೇಡಂ. ಇಲ್ಲಿ ಮಕ್ಳು ಯಾರೂ ಇಲ್ಲ. ಬಾಲವಾಡಿ ಅವತ್ತೇ ಮುಚ್ಚಾಯ್ತು." ಮಾತಾಡುತ್ತಲೇ ಕಾಲಿನಿಂದ ಒಂದು ಪುಟ್ಟ ಚಪ್ಪಲಿಯನ್ನು ಸೀರೆಯ ನೆರಿಗೆಯ ಹಿಂದಕ್ಕೆ ಸರಿಸಿದರು. ಒಳಗೆ ಯಾರೋ ದೊಡ್ಡ ಹುಡುಗಿ "ಶ್ಶ್" ಎಂದಳು. ನಗು ಅಲ್ಲಿಗೇ ನಿಂತಿತು. ಅಷ್ಟು ಮಕ್ಕಳು ಅಷ್ಟು ಬೇಗ ಸುಮ್ಮನಾಗಬೇಕಾದರೆ ಎಷ್ಟು ಸಲ ಕಲಿಸಿರಬೇಕು!

ನಾನು ಆ ಕೆಲಸಕ್ಕೆ ಬಂದಿಲ್ಲ, ಮದುವೆ ಪತ್ರಿಕೆ ಕೊಡಲು ಬಂದವಳು ಎಂದು ತೋರಿಸಲು ಬ್ಯಾಗಿಗೆ ಕೈ ಹಾಕಿದೆ. ಅವರು ತಟ್ಟನೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬರ್ಕೋಬೇಡಿ ಮೇಡಂ. ನಿಮ್ ಕಾಲಿಗ್ ಬೀಳ್ತೀನಿ."

ಕೈ ಹಾಗೇ ಹೊರಗೆ ತೆಗೆದೆ, ಬರಿಗೈ. "ಇಲ್ಲಮ್ಮ. ಇಲ್ಲಿ ಯಾರೂ ಇಲ್ಲ. ನಾನು ಏನೂ ನೋಡಿಲ್ಲ," ಎಂದೆ.

ಅವರು ಮಣಿಕಟ್ಟು ಬಿಟ್ಟರು. ನಂಬಲಿಲ್ಲ. ನಾನು ಗಲ್ಲಿಯ ತಿರುವು ದಾಟುವವರೆಗೂ ಅವರು ಆ ಬಾಗಿಲಿಗೆ ಅಡ್ಡ ನಿಂತೇ ಇದ್ದರು.